ಜೋಗದ ಬಂಡೆ ಮೇಲಕ್ಕೇರುವುದೇಕೆ?

ಮುಂದಿನ ಸಲ ಮಳೆಗಾಲದಲ್ಲಿ ಜೋಗಕ್ಕೆ ಹೋದಾಗ ಮೊಬೈಲನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಟ್ಟು ಒಂದು ಪ್ರಯೋಗ ಮಾಡಿ ನೋಡಿ. ವ್ಯೂ ಪಾಯಿಂಟಿನ ಕಂಬಿ ಹಿಡಿದು ನಿಂತುಕೊಳ್ಳಿ. ರಾಜ, ರಾಣಿ, ರೋರರ್, ರಾಕೆಟ್ ಈ ನಾಲ್ಕರಲ್ಲಿ ಯಾವ ಧಾರೆ ದಪ್ಪಗೆ, ಎಡೆಬಿಡದೆ ಬೀಳುತ್ತಿದೆಯೋ ಅದರ ನಡುವಿನ ಒಂದೇ ಒಂದು ಜಾಗಕ್ಕೆ ದೃಷ್ಟಿ ನೆಡಿ. ನೀರಿನ ಬೆನ್ನು ಹತ್ತಿ ಕಣ್ಣು ಕೆಳಗೆ ಜಾರಬಾರದು. ನೀರು ಬೀಳುತ್ತಿರಲಿ, ಕಣ್ಣು ನಿಂತಲ್ಲೇ ನಿಂತಿರಲಿ. ಹೀಗೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ನೋಡಿ, ತಟ್ಟನೆ ಪಕ್ಕದ ಕರಿಬಂಡೆಯತ್ತ ಕಣ್ಣು ಹೊರಳಿಸಿ. ಬಂಡೆ ಮೇಲಕ್ಕೆ ಏರುತ್ತಿರುತ್ತದೆ.

ಇಡೀ ಬೆಟ್ಟ ಏರುವುದಿಲ್ಲ. ಕಣ್ಣಿನಲ್ಲಿ ಧಾರೆ ಎಷ್ಟು ಜಾಗ ಹಿಡಿದಿತ್ತೋ ಅಷ್ಟೇ ಅಗಲದ ಒಂದು ಪಟ್ಟಿ ಮಾತ್ರ ಏರುತ್ತದೆ. ಬಂಡೆಯ ಬಿರುಕು, ಬಿರುಕಿನಲ್ಲಿ ಬೇರು ಬಿಟ್ಟ ಹುಲ್ಲಿನ ಕುಚ್ಚು, ಪಾಚಿಯ ಗೆರೆ ಎಲ್ಲವೂ ನಿಧಾನವಾಗಿ ಮೇಲ್ಮುಖವಾಗಿ ಜರುಗುತ್ತವೆ. ಎಷ್ಟು ಜರುಗಿದರೂ ಹುಲ್ಲಿನ ಕುಚ್ಚು ತನ್ನ ಜಾಗ ಬಿಟ್ಟು ಒಂದಿಂಚೂ ಕದಲಿರುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ತಣ್ಣಗಾಗುತ್ತದೆ. ನಾನು ವಿಜ್ಞಾನ ಹೇಳಿಕೊಡುವ ಹೈಸ್ಕೂಲಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸರ್, ಮೇಲೆ ಹೋಗ್ತಾನೇ ಇದೆ, ಆದ್ರೆ ಎಲ್ಲಿಗೂ ಹೋಗ್ತಿಲ್ಲ" ಎಂದಳು. ಈ ಭ್ರಮೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿದ್ದು ನಾನು ಕೇಳಿಲ್ಲ. ಚಲನೆ ಕಾಣುತ್ತಿದೆ, ಸ್ಥಾನ ಬದಲಾಗುತ್ತಿಲ್ಲ. ಹೊರಗಿನ ಜಗತ್ತಿನಲ್ಲಿ ಹೀಗಾಗಲು ಸಾಧ್ಯವೇ ಇಲ್ಲ. ನೋಡುವವರ ತಲೆಯೊಳಗೆ ಮಾತ್ರ ಸಾಧ್ಯ.

ಇದಕ್ಕೆ ಜಲಪಾತ ಭ್ರಮೆ ಎಂದೇ ಹೆಸರು. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬ ವಿಜ್ಞಾನ ಉಪನ್ಯಾಸಕ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನು ಕಂಡು ಬರೆದಿಟ್ಟ. ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲ್, ರಭಸವಾಗಿ ಹರಿಯುವ ನದಿಯನ್ನು ನೋಡಿ ಕಣ್ಣು ತಿರುಗಿಸಿದರೆ ನಿಂತ ವಸ್ತುಗಳೂ ಚಲಿಸಿದಂತೆ ಕಾಣುತ್ತವೆ ಎಂದು ಗುರುತಿಸಿದ್ದ. ನೀರಿನ ಜೊತೆಗೆ ಕಣ್ಣಗುಡ್ಡೆ ನಮಗೆ ಗೊತ್ತಾಗದಂತೆ ಕೆಳಗೆ ಜಾರುವ ಅಭ್ಯಾಸ ಮಾಡಿಕೊಳ್ಳುತ್ತದೆ, ಬಂಡೆಯತ್ತ ತಿರುಗಿದ ಮೇಲೂ ಅದೇ ಚಾಳಿ ಮುಂದುವರಿಯುತ್ತದೆ, ಅದಕ್ಕೇ ಬಂಡೆ ಏರಿದಂತೆ ಕಾಣುತ್ತದೆ ಎಂದು ಆಡಮ್ಸ್ ವಿವರಿಸಿದ್ದ. ಕೇಳಲು ಸರಿಯೆನಿಸುವ ಈ ವಿವರಣೆಯನ್ನು ಕೆಡವಿದ್ದು ಒಂದು ಸುರುಳಿ. 1849ರ ಸುಮಾರಿಗೆ ಬೆಲ್ಜಿಯಂನ ಜೋಸೆಫ್ ಪ್ಲಾಟೊ ತಟ್ಟೆಯ ಮೇಲೆ ಸುರುಳಿ ಬರೆದು ತಿರುಗಿಸಿ ತೋರಿಸಿದ. ತಿರುಗುವಾಗ ಸುರುಳಿ ಒಳಕ್ಕೆ ಕುಗ್ಗುತ್ತಾ ಹೋದಂತೆ ಕಾಣುತ್ತದೆ. ನಿಲ್ಲಿಸಿದ ಕೂಡಲೇ ಎಲ್ಲ ದಿಕ್ಕಿಗೂ ಏಕಕಾಲಕ್ಕೆ ಹಿಗ್ಗುತ್ತದೆ. ಒಂದೇ ಕಣ್ಣಗುಡ್ಡೆ ಒಂದೇ ಹೊತ್ತಿಗೆ ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ಜಾರಲು ಬರುವುದಿಲ್ಲವಲ್ಲ. ಅಲ್ಲಿಗೆ, ಕಾರಣ ಕಣ್ಣಿನ ಸ್ನಾಯುಗಳಲ್ಲಿಲ್ಲ, ಇನ್ನೂ ಒಳಗಿದೆ ಎಂದಾಯಿತು.

ಒಳಗೆ ನಡೆಯುವುದು ಇಷ್ಟು. ದೃಷ್ಟಿಯ ನರಕೋಶಗಳಲ್ಲಿ ಕೆಲವಕ್ಕೆ ಕೆಳಮುಖ ಚಲನೆಯೆಂದರೆ ಹುರುಪು, ಕೆಲವಕ್ಕೆ ಮೇಲ್ಮುಖ ಚಲನೆಯೆಂದರೆ ಹುರುಪು. ಕಣ್ಣೆದುರು ಏನೂ ಅಲುಗಾಡದಿದ್ದಾಗಲೂ ಈ ಕೋಶಗಳು ಪೂರ್ತಿ ಸುಮ್ಮನಿರುವುದಿಲ್ಲ. ಎರಡೂ ಗುಂಪು ಮಂದವಾಗಿ ಮಿಡಿಯುತ್ತಲೇ ಇರುತ್ತವೆ. ಮಿದುಳು ಓದುವುದು ಈ ಎರಡರ ವ್ಯತ್ಯಾಸವನ್ನು. ತಕ್ಕಡಿಯ ಎರಡು ತಟ್ಟೆಯಲ್ಲೂ ಸಮ ತೂಕವಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ: ಎದುರಿಗಿರುವುದು ನಿಂತಿದೆ ಎಂದರ್ಥ. ಜೋಗದ ನೀರನ್ನು ಒಂದು ನಿಮಿಷ ನೋಡಿದಾಗ ಕೆಳಮುಖದ ಕೋಶಗಳು ದುಡಿದು ದುಡಿದು ತಮ್ಮ ಮಿಡಿತವನ್ನು ತಗ್ಗಿಸಿಕೊಳ್ಳುತ್ತವೆ. ಆಗ ಬಂಡೆ ನೋಡಿದರೆ ಅವುಗಳ ತಟ್ಟೆ ಹಗುರಾಗಿರುತ್ತದೆ. ಮೇಲ್ಮುಖದವು ಎಂದಿನಂತೆ ಮಂದವಾಗಿಯೇ ಮಿಡಿಯುತ್ತಿದ್ದರೂ ಮುಳ್ಳು ಅತ್ತ ವಾಲುತ್ತದೆ. 1963ರಲ್ಲಿ ಹೊರೇಸ್ ಬಾರ್ಲೋ ಮತ್ತು ಹಿಲ್ ಎಂಬ ಸಂಶೋಧಕರು ಮೊಲದ ಅಕ್ಷಿಪಟದ (ಕಣ್ಣಿನೊಳಗಿನ ಹಿಂಬದಿಯ ಪರದೆಯ) ಒಂಟಿ ನರಕೋಶಗಳ ಮಿಡಿತ ಅಳೆದು, ಬಹಳ ಹೊತ್ತು ಒಂದೇ ದಿಕ್ಕಿನ ಚಲನೆ ತೋರಿಸಿ ನಿಲ್ಲಿಸಿದ ಮೇಲೆ ಆ ಕೋಶಗಳು ಮಾಮೂಲಿಗಿಂತಲೂ ತಣ್ಣಗಾಗುವುದನ್ನು ಕಣ್ಣಾರೆ ಕಂಡರು.

ಮನುಷ್ಯರಲ್ಲಿ ಈ ಕೆಲಸ ಬಹುಪಾಲು ನಡೆಯುವುದು ಕಣ್ಣಿನಲ್ಲಲ್ಲ, ಮಿದುಳಿನಲ್ಲಿ. ಅದನ್ನೂ ಜೋಗದಲ್ಲೇ ಪರೀಕ್ಷಿಸಬಹುದು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಮಾತ್ರ ನೀರು ನೋಡಿ. ಆಮೇಲೆ ಬಲಗಣ್ಣು ಮುಚ್ಚಿ, ಇಷ್ಟು ಹೊತ್ತು ಏನನ್ನೂ ನೋಡದೆ ಆರಾಮವಾಗಿದ್ದ ಎಡಗಣ್ಣಿನಿಂದ ಬಂಡೆ ನೋಡಿ. ಸ್ವಲ್ಪ ಕ್ಷೀಣವಾದರೂ ಬಂಡೆ ಏರುತ್ತದೆ. ಎರಡು ಕಣ್ಣಿನ ಮಾಹಿತಿ ಬೆರೆಯುವುದು ಮಿದುಳಿಗೆ ಬಂದ ಮೇಲೆಯೇ. ಹಾಗಾಗಿ ದಣಿದ ಕೋಶಗಳೂ ಅಲ್ಲೇ ಇರಬೇಕು. ಮಿದುಳಿನ ಹಿಂಭಾಗದಲ್ಲಿ ಚಲನೆಗೆಂದೇ ಮೀಸಲಾದ ಒಂದು ಭಾಗವಿದೆ. ಜರ್ಮನಿಯ ಯೋಸೆಫ್ ಜೀಲ್ ಮತ್ತು ಸಂಗಡಿಗರು 1983ರಲ್ಲಿ ಈ ಭಾಗ ಹಾಳಾಗಿದ್ದ ಒಬ್ಬ ಮಹಿಳೆಯ ಕುರಿತು ಬರೆದರು. ಆಕೆಗೆ ಬಣ್ಣ, ಆಕಾರ, ಅಕ್ಷರ ಎಲ್ಲ ಕಾಣುತ್ತಿದ್ದವು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಲೋಟಕ್ಕೆ ಟೀ ಬಗ್ಗಿಸುವಾಗ ಧಾರೆ ಹೆಪ್ಪುಗಟ್ಟಿ ನಿಂತಂತೆ ತೋರುತ್ತಿತ್ತು; ಲೋಟ ತುಂಬುತ್ತಾ ಬಂದದ್ದು ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ನಡುವಿನ ಹಾದಿಯೇ ಇಲ್ಲದೆ ಹತ್ತಿರ ಬಂದು ನಿಂತಿರುತ್ತಿತ್ತು. ಆಕೆಗೆ ಸ್ಥಾನ ಬದಲಾಗುತ್ತಿತ್ತು, ಚಲನೆ ಇರಲಿಲ್ಲ. ಜೋಗದಲ್ಲಿ ನಮಗೆ ಚಲನೆ ಇದೆ, ಸ್ಥಾನ ಬದಲಾಗುವುದಿಲ್ಲ. ನೋಡುವುದೆಂದರೆ ಒಂದೇ ಕೆಲಸವೆಂದು ನಾವು ತಿಳಿದಿರುತ್ತೇವೆ. ಒಳಗೆ ಅದು ಹತ್ತಾರು ಪ್ರತ್ಯೇಕ ಲೆಕ್ಕಗಳು ಕೂಡಿ ಆದದ್ದು ಎಂಬುದು ಇಂಥ ಕಡೆ ಗೊತ್ತಾಗುತ್ತದೆ.

ಈ 'ದಣಿವು' ದೋಷವೆಂದು ನನಗೆ ಅನ್ನಿಸುವುದಿಲ್ಲ. ಒಂದೇ ಸುದ್ದಿಯನ್ನು ಎಷ್ಟು ಹೊತ್ತು ಹೇಳುತ್ತಿರುವುದು? ಬೀಳುತ್ತಲೇ ಇರುವ ನೀರು ಹಿನ್ನೆಲೆಗೆ ಸರಿದರೆ, ಆ ನೀರಿನ ಎದುರು ಹಾರಿಬರುವ ಹಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ. ಬದಲಾವಣೆ ಹಿಡಿಯುವುದಕ್ಕಾಗಿಯೇ ನರಕೋಶಗಳು ಆಗಾಗ ತಮ್ಮ ಸೊನ್ನೆಯನ್ನು ಹೊಸದಾಗಿ ಗುರುತು ಮಾಡಿಕೊಳ್ಳುತ್ತವೆ. ಸೊನ್ನೆ ಸರಿದದ್ದು ಬೆಳಕಿಗೆ ಬರುವುದು ನಾವು ಥಟ್ಟನೆ ಬಂಡೆಯತ್ತ ತಿರುಗಿದಾಗ ಮಾತ್ರ. ಬಸ್ಸಿನ ಮುಂದಿನ ಸೀಟಿನಲ್ಲಿ ಬಹಳ ಹೊತ್ತು ರಸ್ತೆ ನೋಡುತ್ತಾ ಬಂದವರಿಗೆ, ಬಸ್ಸು ನಿಂತಾಗ ಎದುರಿನ ರಸ್ತೆ ಮೆಲ್ಲಗೆ ಹಿಂದೆ ಸರಿದಂತೆ ಕಾಣುವುದೂ ಇದರಿಂದಲೇ.

ಕಣ್ಣು ಕ್ಯಾಮೆರಾ ಎಂದು ಪಾಠ ಹೇಳುವುದು ಸುಲಭ, ಮಸೂರ, ಪರದೆ, ತಲೆಕೆಳಗಾದ ಬಿಂಬ ಎಂದು ಚಿತ್ರ ಬರೆದು ಮುಗಿಸಬಹುದು. ಆದರೆ ಅಲ್ಲಿಗೇ ನಿಲ್ಲಿಸಿದರೆ ನೋಡುವುದರ ಅರ್ಧ ಕಥೆಯನ್ನೂ ಹೇಳಿದಂತಾಗುವುದಿಲ್ಲ. ಪ್ರತಿ ಅಕ್ಷಿಪಟದಲ್ಲಿ ಸುಮಾರು 12 ಕೋಟಿ ದಂಡಕೋಶಗಳೂ 60 ಲಕ್ಷ ಶಂಕುಕೋಶಗಳೂ ಬೆಳಕು ಹಿಡಿಯುತ್ತವೆ. ಅಲ್ಲಿಂದ ಮಿದುಳಿಗೆ ಹೋಗುವ ದೃಷ್ಟಿನರದಲ್ಲಿ ಇರುವ ಎಳೆಗಳು ಸುಮಾರು 10 ಲಕ್ಷ ಮಾತ್ರ. ಅಂದರೆ ಹೊರಡುವ ಮೊದಲೇ ಸುದ್ದಿ ಸೋಸಿ, ಸಾರ ತೆಗೆದು ಆಗಿರುತ್ತದೆ. ಸ್ಪಷ್ಟವಾಗಿ ಕಾಣುವುದಂತೂ ಕೈ ಚಾಚಿದಾಗ ಹೆಬ್ಬೆರಳಿನ ಉಗುರು ಮುಚ್ಚುವಷ್ಟು ಜಾಗ, ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರು ಬಾರಿಯಷ್ಟು ಅತ್ತಿತ್ತ ಹಾರಿ ತುಣುಕು ತುಣುಕಾಗಿ ತಂದುಕೊಟ್ಟದ್ದನ್ನು ಮಿದುಳು ಹೊಂದಿಸಿ ಒಂದು ಇಡೀ ನೋಟ ಮಾಡುತ್ತದೆ.

ಆ ಹೊಂದಿಸುವಿಕೆ ಎಷ್ಟು ಧೈರ್ಯದ್ದು ಎಂದು ನೋಡಬೇಕಾದರೆ ಎರಡು ಚಾಲಿ ಅಡಿಕೆ ಸಾಕು. ಸಾದಾ ಬಣ್ಣದ ಬಟ್ಟೆ ಹಾಸಿ, ಅವನ್ನು ಸುಮಾರು 11 ಸೆಂಟಿಮೀಟರ್ ಅಂತರದಲ್ಲಿ ಅಡ್ಡಲಾಗಿ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಎಡಗಡೆಯ ಅಡಿಕೆಯ ಮೇಲೇ ಇಟ್ಟು, ಮುಖವನ್ನು ಬಟ್ಟೆಯಿಂದ 40 ಸೆಂಟಿಮೀಟರ್ ಎತ್ತರಕ್ಕೆ ತಂದು ಕೊಂಚ ಹಿಂದೆ ಮುಂದೆ ಸರಿಸಿ. ಒಂದು ಹಂತದಲ್ಲಿ ಬಲಗಡೆಯ ಅಡಿಕೆ ಮಾಯವಾಗುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮ್ ಮಾರಿಯೊಟ್ 1660ರ ದಶಕದಲ್ಲಿ ಕಂಡುಹಿಡಿದ ಕುರುಡು ಚುಕ್ಕೆ ಅದು. ಅಡಿಕೆ ಕಾಣದಿರುವುದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಆ ಜಾಗದಲ್ಲಿ ಏನು ಕಾಣುತ್ತದೆ ಎಂಬುದನ್ನು. ಕಪ್ಪು ತೂತು ಕಾಣುವುದಿಲ್ಲ. ಬಟ್ಟೆಯೇ ಕಾಣುತ್ತದೆ. ಗೆರೆಗಳ ಚಾಪೆಯಾದರೆ ಗೆರೆಗಳು ಮುಂದುವರಿದಿರುತ್ತವೆ. ಸುತ್ತ ಇರುವುದೇ ಅಲ್ಲೂ ಇರಬೇಕು ಎಂದು ಮಿದುಳು ಊಹಿಸಿ ತುಂಬಿಬಿಟ್ಟಿದೆ. ಹುಟ್ಟಿದಂದಿನಿಂದ ಈ ಎರಡು ತೇಪೆ ಹೊತ್ತುಕೊಂಡೇ ಓಡಾಡುತ್ತಿದ್ದೇವೆ, ಒಂದು ದಿನವೂ ಗೊತ್ತಾಗಲಿಲ್ಲ.

ಬೆಳಕಿನ ವಿಷಯದಲ್ಲಿ ಇದೇ ಊಹೆ ಇನ್ನೂ ಜಾಣತನದ್ದು. ಮಾರ್ಚ್ ತಿಂಗಳ ಮಧ್ಯಾಹ್ನ ಅಂಗಳದಲ್ಲಿ ಕಾಳುಮೆಣಸು ಒಣಗಲು ಹಾಕಿದೆ, ಜಗಲಿಯ ಒಳಗೆ ತಂತಿಯ ಮೇಲೆ ಬಿಳಿ ಪಂಚೆ ಹರಡಿದೆ. ಪಂಚೆ ಬೆಳ್ಳಗೆ, ಮೆಣಸು ಕಪ್ಪಗೆ ಕಾಣುತ್ತವೆ. ಈಗ ಕಣ್ಣಿಗೆ ನಿಜಕ್ಕೂ ಬರುವ ಬೆಳಕಿನ ಲೆಕ್ಕ ಹಾಕೋಣ. ಬೆಳಕು ಬೀಳುವುದನ್ನು ಅಳೆಯುವ ಮಾನ ಲಕ್ಸ್; ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೆಣಸು ಅದರಲ್ಲಿ ನೂರಕ್ಕೆ 5 ಪಾಲನ್ನು ಮರಳಿಸಿದರೂ 5,000 ಆಯಿತು. ಜಗಲಿಯ ನೆರಳಿನಲ್ಲಿ 2,000 ಲಕ್ಸ್ ಇದೆ ಎಂದಿಟ್ಟುಕೊಳ್ಳಿ. ಪಂಚೆ ನೂರಕ್ಕೆ 80 ಪಾಲು ಮರಳಿಸಿದರೂ 1,600. ಕರಿಮೆಣಸು ಬಿಳಿ ಪಂಚೆಗಿಂತ ಮೂರು ಪಟ್ಟು ಹೆಚ್ಚು ಬೆಳಕು ಕಳಿಸುತ್ತಿದೆ! ಬಂದ ಬೆಳಕನ್ನೇ ನಂಬಿದ್ದರೆ ಮೆಣಸೇ ಬೆಳ್ಳಗೆ ಕಾಣಬೇಕಿತ್ತು. ಹಾಗಾಗದಂತೆ ಮಿದುಳು ನೆರಳನ್ನು ಗುರುತಿಸಿ, ಅದರ ಪ್ರಭಾವವನ್ನು ಕಳೆದು, ವಸ್ತುವಿನ ನಿಜವಾದ ಬಣ್ಣವನ್ನು ನಮಗೆ ಕೊಡುತ್ತದೆ. ಮಳೆಗಾಲದ ಮಬ್ಬಿನಲ್ಲೂ ಬೇಸಿಗೆಯ ಬಿಸಿಲಿನಲ್ಲೂ ಪಂಚೆ ಪಂಚೆಯಾಗಿಯೇ ಉಳಿಯುವುದು ಈ ಕೆಲಸದಿಂದ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ರಚಿಸಿದ ಪ್ರಸಿದ್ಧ ಚಿತ್ರವೊಂದಿದೆ: ಚದುರಂಗದ ಮಣೆ, ಅದರ ಮೇಲೊಂದು ಹಸಿರು ಕಂಬ, ಕಂಬದ ನೆರಳು. ನೆರಳಿನಲ್ಲಿರುವ 'ಬಿಳಿ' ಮನೆಯೂ ಬೆಳಕಿನಲ್ಲಿರುವ 'ಕಪ್ಪು' ಮನೆಯೂ ಅಚ್ಚಿನಲ್ಲಿ ಒಂದೇ ಬೂದು ಬಣ್ಣ. ಎಷ್ಟು ಹೇಳಿದರೂ ಕಣ್ಣು ಒಪ್ಪುವುದಿಲ್ಲ. ಕಾಗದದಲ್ಲಿ ಎರಡು ತೂತು ಮಾಡಿ ಆ ಎರಡು ಮನೆ ಮಾತ್ರ ಕಾಣುವಂತೆ ಮುಚ್ಚಿದರೆ ತಕ್ಷಣ ಒಂದೇ ಆಗುತ್ತವೆ. ಕಾಗದ ತೆಗೆದರೆ ಮತ್ತೆ ಬೇರೆ. ಮಿದುಳು ಇಲ್ಲಿ ಮಾಡಿದ್ದು ಅಂಗಳದಲ್ಲಿ ಮಾಡಿದ್ದನ್ನೇ. ಅಲ್ಲಿ ನೆರಳು ನಿಜವಿತ್ತು, ಇಲ್ಲಿ ಬರೆದದ್ದು. 2015ರ ಫೆಬ್ರುವರಿಯಲ್ಲಿ ಲೋಕವನ್ನೇ ಎರಡು ಪಂಗಡ ಮಾಡಿದ ಆ ಉಡುಪಿನ ಫೋಟೊ ನೆನಪಿರಬಹುದು: ಕೆಲವರಿಗೆ ನೀಲಿ–ಕಪ್ಪು, ಇನ್ನು ಕೆಲವರಿಗೆ ಬಿಳಿ–ಚಿನ್ನ. ಉಡುಪು ನೆರಳಿನಲ್ಲಿದೆ ಎಂದುಕೊಂಡ ಮಿದುಳು ನೀಲಿಯನ್ನು ಕಳೆಯಿತು, ಹಳದಿ ದೀಪದ ಕೆಳಗಿದೆ ಎಂದುಕೊಂಡದ್ದು ಹಳದಿಯನ್ನು ಕಳೆಯಿತು. ಉಡುಪು ನಿಜಕ್ಕೂ ನೀಲಿ–ಕಪ್ಪೇ.

ಮಿದುಳಿನ ಇನ್ನೊಂದು ಹಳೆಯ ನಂಬಿಕೆ, ಬೆಳಕು ಮೇಲಿನಿಂದ ಬೀಳುತ್ತದೆ ಎಂಬುದು. ತೋಟದ ಕೆಸರಿನಲ್ಲಿ ಕಾಟಿಯ ಗೊರಸು ಊರಿದ ಗುರುತಿನ ಫೋಟೊ ತೆಗೆದು ಮೊಬೈಲನ್ನು ತಲೆಕೆಳಗು ಮಾಡಿ ನೋಡಿ. ಹಳ್ಳವಾಗಿದ್ದ ಹೆಜ್ಜೆ ಉಬ್ಬಾಗಿ ಮೇಲೇಳುತ್ತದೆ. ಬಳ್ಳಿಗಾವಿಯ ಅಥವಾ ಇಕ್ಕೇರಿಯ ಗುಡಿಯ ಗೋಡೆಯ ಉಬ್ಬುಗೆತ್ತನೆಯನ್ನು ಮೇಲಿನಿಂದ ಬೆಳಕು ಬೀಳುವಾಗ ತೆಗೆದರೆ ಅದರಲ್ಲೂ ಹೀಗಾಗುವುದುಂಟು. ಮೇಲಂಚು ಬೆಳಗಿ ಕೆಳಅಂಚು ಮಬ್ಬಾದರೆ ಉಬ್ಬು, ತಿರುಗುಮುರುಗಾದರೆ ತಗ್ಗು ಎಂಬ ಸೂತ್ರ ಅಷ್ಟು ಗಟ್ಟಿ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಸೊಗಸಾದ ವಿವರವಿದೆ. ಮಿದುಳಿನ ಪಾಲಿಗೆ 'ಮೇಲೆ' ಎಂದರೆ ಆಕಾಶವಲ್ಲ, ನೆತ್ತಿ. ಛಾಯೆ ಬಳಿದ ವೃತ್ತಗಳ ಚಿತ್ರವನ್ನು ಹಾಗೇ ಬಿಟ್ಟು, ಬೆನ್ನು ತಿರುಗಿಸಿ ನಿಂತು ಬಗ್ಗಿ ಕಾಲಿನ ಸಂದಿಯಿಂದ ನೋಡಿದರೂ ಉಬ್ಬುಗಳು ತಗ್ಗಾಗುತ್ತವೆ. ಮಕ್ಕಳಿಗೆ ಮಾಡಿಸಿದರೆ ಇಡೀ ತರಗತಿ ಬಗ್ಗಿ ನಿಂತಿರುತ್ತದೆ.

ಆಗುಂಬೆಯ ಸೂರ್ಯಾಸ್ತದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರ ಮೇಲೊಂದು ಕೂತಿವೆ, ಅವನ್ನು ಬಿಡಿಸಿ ನೋಡಬೇಕು. ಮೋಡವಿಲ್ಲದ ಸಂಜೆ ಅರಬ್ಬಿ ಸಮುದ್ರದ ಅಂಚಿಗೆ ಬಂದ ಸೂರ್ಯ ಚಪ್ಪಟೆಯಾಗಿ ಕಾಣುತ್ತಾನೆ. ಇದು ಭೌತಿಕ ಸತ್ಯ, ಕ್ಯಾಮೆರಾದಲ್ಲೂ ಚಪ್ಪಟೆಯೇ. ದಟ್ಟ ಗಾಳಿಯಲ್ಲಿ ಬೆಳಕು ಬಾಗಿ, ಸೂರ್ಯನ ಕೆಳಅಂಚನ್ನು ಮೇಲಂಚಿಗಿಂತ ಹೆಚ್ಚು ಎತ್ತಿಬಿಡುತ್ತದೆ. ದಿಗಂತದ ಬಳಿ ಈ ಎತ್ತುವಿಕೆ ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಸೂರ್ಯನ ಅಗಲವೂ ಸುಮಾರು ಅರ್ಧ ಡಿಗ್ರಿ. ಹಾಗಾಗಿ ಕೆಳಅಂಚು ನೀರು ಮುಟ್ಟಿತು ಎಂದು ನಾವು ಉಸಿರು ಬಿಗಿಹಿಡಿಯುವ ಹೊತ್ತಿಗೆ, ಗಾಳಿಯೇ ಇಲ್ಲದಿದ್ದರೆ ಸೂರ್ಯ ಪೂರ್ತಿ ಮುಳುಗಿ ಆಗಿರುತ್ತಿತ್ತು. ಇನ್ನೊಂದು ಸಂಗತಿ ಸೂರ್ಯ ದೊಡ್ಡದಾಗಿ ಕಾಣುವುದು. ಇದಕ್ಕೂ ಗಾಳಿಗೂ ಸಂಬಂಧವಿಲ್ಲ. ಇದು ಪೂರ್ತಿ ನಮ್ಮೊಳಗಿನದು. ಹುಣ್ಣಿಮೆಯ ಸಂಜೆ ಅಡಿಕೆ ಮರಗಳ ಹಿಂದಿನಿಂದ ಏಳುವ ಚಂದ್ರನಲ್ಲಿ ಇದನ್ನು ಕಣ್ಣಿಗೆ ಹಾನಿಯಿಲ್ಲದೆ ಪರೀಕ್ಷಿಸಬಹುದು. ಕೈ ನೀಡಿ ಕಿರುಬೆರಳು ಹಿಡಿದರೆ ಆ ದೊಡ್ಡ ಚಂದ್ರ ಅದರ ಹಿಂದೆ ಅಡಗುತ್ತಾನೆ. ಮಧ್ಯರಾತ್ರಿ ನೆತ್ತಿಯ ಮೇಲಿನ ಸಣ್ಣ ಚಂದ್ರನಿಗೂ ಅಷ್ಟೇ ಬೆರಳು ಬೇಕು. ಲೆಕ್ಕಕ್ಕೆ ಹೇಳುವುದಾದರೆ ಏಳುವ ಚಂದ್ರ ನಮ್ಮಿಂದ ಭೂಮಿಯ ತ್ರಿಜ್ಯದಷ್ಟು ಹೆಚ್ಚು ದೂರದಲ್ಲಿರುವುದರಿಂದ ಕೂದಲೆಳೆಯಷ್ಟು ಚಿಕ್ಕದಾಗಿಯೇ ಇರುತ್ತಾನೆ.

ಸಾವಿರ ವರ್ಷದ ಹಿಂದೆ ಅರಬ್ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಇದಕ್ಕೆ ಕೊಟ್ಟ ವಿವರಣೆಯ ತಿರುಳು ಇಂದಿಗೂ ಚರ್ಚೆಯಲ್ಲಿದೆ. ದಿಗಂತದ ಚಂದ್ರನಿಗೂ ನಮಗೂ ನಡುವೆ ಗದ್ದೆ, ತೋಟ, ಗುಡ್ಡ ಸಾಲುಗಟ್ಟಿರುವುದರಿಂದ ಅವನು ಬಹಳ ದೂರದಲ್ಲಿದ್ದಾನೆ ಎಂದು ಮಿದುಳು ಎಣಿಸುತ್ತದೆ. ಅಷ್ಟು ದೂರವಿದ್ದೂ ಇಷ್ಟು ಕಾಣುವುದಾದರೆ ವಸ್ತು ದೊಡ್ಡದೇ ಇರಬೇಕು ಎಂಬ ತರ್ಕ ಅದರದು. ಇದೇ ತರ್ಕವನ್ನು ಕಾಗದದ ಮೇಲೆ ಇಟಲಿಯ ಮಾರಿಯೊ ಪೊಂಜೊ 1911ರಲ್ಲಿ ತೋರಿಸಿದ. ಸಾಗರದಿಂದ ತಾಳಗುಪ್ಪದತ್ತ ಹೋಗುವ ರೈಲು ಹಳಿಯ ಹಾಗೆ ದೂರದಲ್ಲಿ ಕೂಡುವ ಎರಡು ಗೆರೆ ಬರೆದು, ಅವುಗಳ ನಡುವೆ ಒಂದೇ ಉದ್ದದ ಎರಡು ಅಡ್ಡಗೆರೆ ಹಾಕಿದರೆ ಮೇಲಿನದು ಉದ್ದವಾಗಿ ಕಾಣುತ್ತದೆ. ಈ ವಿವರಣೆಗೂ ಒಂದು ತೊಡಕಿದೆ: ಏಳುವ ಚಂದ್ರ ಹತ್ತಿರ ಕಾಣುತ್ತಾನೋ ದೂರವೋ ಎಂದು ಕೇಳಿದರೆ ಬಹಳ ಜನ ಹತ್ತಿರ ಎನ್ನುತ್ತಾರೆ. ಹಾಗಾಗಿ ವಾದ ಮುಗಿದಿಲ್ಲ.

ಇಂಥ ಗೆರೆಗಳ ಭ್ರಮೆಯನ್ನು ನಾವು ಕಲಿಯುತ್ತೇವೆಯೋ, ಹುಟ್ಟಿನಿಂದಲೇ ಬರುತ್ತದೆಯೋ? ಬಾಣದ ತುದಿ ಒಳಮುಖವೋ ಹೊರಮುಖವೋ ಎಂಬುದರ ಮೇಲೆ ಗೆರೆಯ ಉದ್ದ ಬದಲಾದಂತೆ ಕಾಣುವ ಭ್ರಮೆಯನ್ನು ಜರ್ಮನಿಯ ಮ್ಯೂಲರ್-ಲಯರ್ 1889ರಲ್ಲಿ ಪ್ರಕಟಿಸಿದ್ದ. ಸೀಗಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಹಲವು ಸಮಾಜಗಳಲ್ಲಿ ಇದನ್ನು ತೋರಿಸಿ, ಅಮೆರಿಕನ್ನರು ಹೆಚ್ಚು ಮೋಸಹೋಗುತ್ತಾರೆ, ಆಫ್ರಿಕಾದ ಕೆಲವು ಸಮುದಾಯದವರು ಬಹಳ ಕಡಿಮೆ ಎಂದು ಕಂಡರು. ಮೂಲೆ ಮೂಲೆಯ ಕೋಣೆಗಳಲ್ಲಿ ಬೆಳೆದವರ ಕಣ್ಣಿಗೆ ಮಾತ್ರ ಈ ಅಭ್ಯಾಸ ಎಂಬ ವಾದ ಬೆಳೆಯಿತು. ಆಮೇಲೆ ಬಂದ ಉತ್ತರ ನಮ್ಮ ದೇಶದಿಂದಲೇ. ನರವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್, ಹುಟ್ಟಿನಿಂದ ಕಣ್ಣಿನ ಪೊರೆಯಿಂದ ಕುರುಡಾದ ಬಡ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಕೆಲಸ. 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ ದೃಷ್ಟಿ ಬಂದ ಕೂಡಲೇ ಪೊಂಜೊ ಮತ್ತು ಮ್ಯೂಲರ್-ಲಯರ್ ಚಿತ್ರಗಳನ್ನು ತೋರಿಸಲಾಯಿತು. ಅದುವರೆಗೆ ರೈಲು ಹಳಿಯನ್ನಾಗಲಿ ಕೋಣೆಯ ಮೂಲೆಯನ್ನಾಗಲಿ ಕಂಡೇ ಇರದ ಆ ಮಕ್ಕಳೂ ನಮ್ಮಂತೆಯೇ ಕಂಡರು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನನ್ನು ಬಹಳವಾಗಿ ತಟ್ಟಿದೆ. ಭ್ರಮೆಗೆ ಬೇಕಾದ ಲೆಕ್ಕಾಚಾರದ ಒಂದಿಷ್ಟಾದರೂ, ಆಕಾರಗಳನ್ನೇ ಸರಿಯಾಗಿ ಕಾಣದ ವರ್ಷಗಳಲ್ಲೂ, ಆ ಮಕ್ಕಳ ಮಿದುಳಿನಲ್ಲಿ ಸಿದ್ಧವಾಗಿ ಕಾದಿತ್ತು.

ರಾತ್ರಿಯ ಒಂದು ಸಂಗತಿಯನ್ನೂ ಹೇಳಬೇಕು, ಕೊಳ್ಳಿದೆವ್ವದ ಕಥೆ ಕೇಳದೆ ಬೆಳೆದವರು ನಮ್ಮ ಕಡೆ ಕಡಿಮೆ. ಕಗ್ಗತ್ತಲಲ್ಲಿ ಆಚೆ ಗುಡ್ಡದ ಮೇಲೊಂದು ಒಂಟಿ ದೀಪ ಕಂಡು, ಅದನ್ನೇ ನೋಡುತ್ತಾ ನಿಂತರೆ ಸ್ವಲ್ಪ ಹೊತ್ತಿಗೆ ದೀಪ ಅಲೆಯತೊಡಗುತ್ತದೆ. ಸುತ್ತ ಹೋಲಿಸಿ ನೋಡಲು ಏನೂ ಇಲ್ಲದಾಗ ಕಣ್ಣಗುಡ್ಡೆಯ ಸಣ್ಣ ಜಾರುವಿಕೆಯನ್ನೂ ದೀಪದ ಚಲನೆಯನ್ನೂ ಬೇರ್ಪಡಿಸಲು ಮಿದುಳಿಗೆ ಆಗುವುದಿಲ್ಲ. ಜರ್ಮನಿಯ ವಿಜ್ಞಾನಿ ಹಂಬೋಲ್ಟ್ 1799ರಲ್ಲಿ ನಕ್ಷತ್ರಗಳೇ ಅಲೆಯುತ್ತಿವೆ ಎಂದು ಬರೆದಿಟ್ಟದ್ದು ಇದೇ ಕಾರಣಕ್ಕೆ. 1935ರಲ್ಲಿ ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ ಕತ್ತಲ ಕೋಣೆಯಲ್ಲಿ ಜನರನ್ನು ಕೂರಿಸಿ, ನಿಂತ ಬೆಳಕು ಎಷ್ಟು ಸರಿಯಿತು ಎಂದು ಕೇಳಿದ. ಒಬ್ಬೊಬ್ಬರೇ ಇದ್ದಾಗ ಒಂದೊಂದು ಉತ್ತರ. ಗುಂಪಿನಲ್ಲಿ ಗಟ್ಟಿಯಾಗಿ ಹೇಳಿಸಿದಾಗ ಎಲ್ಲರ ಉತ್ತರವೂ ಹತ್ತಿರ ಹತ್ತಿರ ಬಂತು. ಗುಡ್ಡದ ದೀಪ ನೋಡುತ್ತಾ ನಿಂತವರಲ್ಲಿ ಒಬ್ಬರು "ಅಗೋ, ಎಡಕ್ಕೆ ಹೋಯ್ತು ನೋಡಿ" ಎಂದರೆ ಉಳಿದವರಿಗೂ ಕಾಣುವುದರಲ್ಲಿ ಸುಳ್ಳೇನಿಲ್ಲ. ಕೊಳ್ಳಿದೆವ್ವದ ಕಥೆಗಳೆಲ್ಲ ಹೀಗೇ ಹುಟ್ಟಿದವು ಎಂದು ನಾನು ಹೇಳುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರಲ್ಲ, ಇಲ್ಲಿ ಪ್ರಮಾಣಿಸುವುದು ಸುಲಭ. ದೀಪವನ್ನು ಕಿಟಕಿಯ ಚೌಕಟ್ಟಿಗೋ ಕಂಬದ ಅಂಚಿಗೋ ತಾಗಿದಂತೆ ಇಟ್ಟುಕೊಂಡು ನೋಡಿ. ನಿಂತ ದೀಪವಾದರೆ ಅಲೆದಾಟ ನಿಲ್ಲುತ್ತದೆ.

ಇಷ್ಟೆಲ್ಲದರಲ್ಲಿ ಜೀವಕ್ಕೆ ಸಂಬಂಧಿಸಿದ್ದು ಘಾಟಿಯ ಮಂಜು. ದೂರದ ಗುಡ್ಡಗಳು ತಿಳಿನೀಲಿಯಾಗಿ, ಮಸುಕಾಗಿ ಕಾಣುವುದನ್ನು ಮಿದುಳು ದೂರದ ಅಳತೆಗೋಲು ಮಾಡಿಕೊಂಡಿದೆ. ಮಳೆ ತೊಳೆದ ಬೆಳಿಗ್ಗೆ ಕೊಡಚಾದ್ರಿ ಕೈಗೆಟುಕುವಂತೆ ಹತ್ತಿರ ಬಂದು ನಿಲ್ಲುವುದು ಇದಕ್ಕೇ. ಮಂಜಿನಲ್ಲಿ ಇದು ತಿರುಗಿ ಬೀಳುತ್ತದೆ: ಹತ್ತಿರದ ಲಾರಿಯೂ ಮಸುಕು, ಅದರ ಹಿಂದಿನ ಕೆಂಪು ದೀಪವೂ ಕ್ಷೀಣ, ಆದ್ದರಿಂದ ಅದು ಇರುವುದಕ್ಕಿಂತ ದೂರ ಎನ್ನಿಸುತ್ತದೆ. ವೇಗದ ಅಂದಾಜೂ ಕೆಡುತ್ತದೆ. 1998ರಲ್ಲಿ ಬ್ರಿಟನ್ನಿನ ಸ್ನೋಡನ್ ಮತ್ತು ಸಂಗಡಿಗರು ಕೃತಕ ಮಂಜಿನಲ್ಲಿ ಚಾಲನೆ ಮಾಡಿಸಿದಾಗ, ಹೇಳಿದ ವೇಗದಲ್ಲೇ ಹೋಗುತ್ತಿದ್ದೇವೆ ಎಂದುಕೊಂಡವರು ಮಂಜು ದಟ್ಟವಾದಂತೆ ವಾಸ್ತವದಲ್ಲಿ ಹೆಚ್ಚು ವೇಗವಾಗಿ ಓಡಿಸಿದರು. ದೃಶ್ಯದ ಸ್ಪಷ್ಟತೆ ಒಂದೇ ಸಮ ಕುಂದಿದಾಗ ಚಲನೆಯ ಕೋಶಗಳ ಮಿಡಿತ ತಗ್ಗಿ, ವೇಗ ಕಡಿಮೆ ಎನ್ನಿಸುತ್ತದೆ. 2012ರಲ್ಲಿ ಪ್ರೆಟ್ಟೊ ಮತ್ತು ಸಂಗಡಿಗರು ಇದಕ್ಕೆ ತಿದ್ದುಪಡಿ ತಂದರು: ನಿಜವಾದ ಮಂಜು ದೂರವನ್ನು ಮುಚ್ಚಿ ಹತ್ತಿರದ ರಸ್ತೆಯನ್ನು ಸ್ಪಷ್ಟವಾಗಿ ಬಿಡುತ್ತದೆ, ಆಗ ವೇಗ ಹೆಚ್ಚೇ ಎನ್ನಿಸಿ ಜನ ನಿಧಾನಿಸುತ್ತಾರೆ. ಗಾಜು ಒಳಗಿನಿಂದ ಮಬ್ಬುಗಟ್ಟಿದಾಗ ಮಾತ್ರ ಹತ್ತಿರ ದೂರ ಎಲ್ಲವೂ ಒಂದೇ ಸಮ ಮಸುಕಾಗುತ್ತದೆ. ಹಾಗಾಗಿ ಮಂಜಿಗಿಂತ ಮಬ್ಬುಗಟ್ಟಿದ ಗಾಜೇ ಹೆಚ್ಚು ಅಪಾಯದ್ದಿರಬಹುದು ಎಂದು ನನ್ನ ಎಣಿಕೆ. ಒರೆಸುವ ಬಟ್ಟೆ ಕೈಗೆಟುಕುವಲ್ಲಿರಲಿ.

ಜೋಗದ ಬಂಡೆಯನ್ನು ಏರಿಸಿದ ಅದೇ ದಣಿವು ಇಲ್ಲಿಯೂ ಕೆಲಸ ಮಾಡುತ್ತದೆ. ಬಯಲಿನ ನೇರ ರಸ್ತೆಯಲ್ಲಿ ಒಂದು ಗಂಟೆ ಎಂಬತ್ತರಲ್ಲಿ ಓಡಿಸಿಕೊಂಡು ಬಂದವರ ಚಲನೆಯ ಕೋಶಗಳು ಆ ವೇಗಕ್ಕೆ ಒಗ್ಗಿಹೋಗಿರುತ್ತವೆ. ಆಮೇಲೆ ನಲವತ್ತಕ್ಕೆ ಇಳಿಸಿದರೂ ತೆವಳಿದಂತೆ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಡೆಂಟನ್ ಎಂಬ ಸಂಶೋಧಕ ಇದಕ್ಕೆ ಭ್ರಮೆಯನ್ನೇ ಮದ್ದು ಮಾಡಿದ. ವೃತ್ತ ಸಮೀಪಿಸುವ ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟೆ ಬಳಿಸಿ, ಪಟ್ಟೆಗಳ ಅಂತರವನ್ನು ಕ್ರಮೇಣ ಕಿರಿದಾಗಿಸಿದ. ವೇಗ ಏರುತ್ತಿದೆ ಎನ್ನಿಸಿ ಚಾಲಕರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅಂಥ ಪಟ್ಟೆ ಇಲ್ಲದ ಕಡೆ ಉಳಿಯುವುದು ಸ್ಪೀಡೋಮೀಟರಿನ ಮುಳ್ಳೊಂದೇ, ಯಾಕೆಂದರೆ ಮಂಜಿನ ಗುಟ್ಟು ತಿಳಿದವರಿಗೂ ಮಂಜಿನಲ್ಲಿ ಲಾರಿ ದೂರವೇ ಕಾಣುತ್ತದೆ. ತಿಳಿವಳಿಕೆ ಆ ಕೋಶಗಳವರೆಗೆ ಇಳಿಯುವುದಿಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದವರು ಆಗುಂಬೆಯ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಕಷಾಯ ಕುಡಿದು ಹೊರಟರೆ, ಆ ಹೊತ್ತಿಗೆ ಹಿಂದಿನ ವೇಗದ ಒಗ್ಗಿಕೆ ಬಹುಮಟ್ಟಿಗೆ ಇಳಿದಿರುತ್ತದೆ. ಮುಂದಿನ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ, ಮುಳ್ಳು ನೋಡಿಕೊಂಡೇ ಇಳಿಯಿರಿ.